ಕದ್ದ ಬಿಡಿಭಾಗಗಳ ಕಾರು: 'ದಿ ಕ್ರ್ಯಾಂಪ್ಸ್' ಬ್ಯಾಂಡಿಗೆ ಯಾರು ಬಂದರು, ಯಾರು ಹೋದರು, ಕೊನೆಗೆ ಯಾರು ಉಳಿದರು?

2022ರ ಕೊನೆಯಲ್ಲಿ ಆ ಡ್ಯಾನ್ಸ್ ನಿಮ್ಮ ಫೋನಿಗೂ ಬಂದಿರತ್ತೆ. ಎರಡು ಜಡೆ, ಕಪ್ಪು ಗೌನು, ಮಿಟುಕಿಸದ ಕಣ್ಣು, ಗೊಂಬೆಯ ಹಾಗೆ ಕುಣಿಯೋ ಕೈಕಾಲು. ನೆಟ್‌ಫ್ಲಿಕ್ಸ್‌ನ 'ವೆನ್ಸ್‌ಡೇ' ಸರಣಿಯಲ್ಲಿ ಜೆನ್ನಾ ಒರ್ಟೆಗಾ ಮಾಡಿದ ಆ ನೃತ್ಯವನ್ನು ಮದುವೆ ಮನೆಯ ಸಂಗೀತ್‌ನಿಂದ ಹಿಡಿದು ಕಾಲೇಜ್ ಡೇ ತನಕ ಎಲ್ಲರೂ ಕಾಪಿ ಹೊಡೆದರು. ರೀಲ್ಸ್‌ನಲ್ಲಿ ಅದಕ್ಕೆ ಹಿನ್ನೆಲೆಯಾಗಿ ಓಡಿದ್ದು ವೇಗ ಹೆಚ್ಚಿಸಿದ ಲೇಡಿ ಗಾಗಾ ಹಾಡು. ಹಾಗಾಗಿ ಬಹಳ ಜನ ಅದೇ ಮೂಲ ಹಾಡು ಅಂದುಕೊಂಡರು.

ಅಲ್ಲ. ಸರಣಿಯಲ್ಲಿ ಇರೋದು 'ಗೂ ಗೂ ಮಕ್' ಅನ್ನೋ 1981ರ ಹಾಡು. ಹಾಡಿದ ಬ್ಯಾಂಡಿನ ಹೆಸರು 'ದಿ ಕ್ರ್ಯಾಂಪ್ಸ್'. ಇನ್ನೊಂದು ತಮಾಷೆ ಏನಂದ್ರೆ, ಆ ಹಾಡು ಮೂಲದಲ್ಲಿ ಕ್ರ್ಯಾಂಪ್ಸ್‌ದೂ ಅಲ್ಲ. 1962ರಲ್ಲಿ ರಾನಿ ಕುಕ್ ಅಂಡ್ ದಿ ಗೇಲ್ಯಾಡ್ಸ್ ಅನ್ನೋ ತಂಡ ರೆಕಾರ್ಡ್ ಮಾಡಿ, ಜಗತ್ತು ಮರೆತುಬಿಟ್ಟಿದ್ದ ಹಾಡದು. ಮರೆತ ತಂಡದ ಹಾಡನ್ನು ಎತ್ತಿಕೊಂಡ ಬ್ಯಾಂಡೇ ಕೊನೆಗೆ ತನ್ನ ಹಾಡಿನ ರೀಲ್ಸ್‌ನಿಂದ ಮಾಯ ಆಯ್ತು.

ಕ್ರ್ಯಾಂಪ್ಸ್ 1976ರಿಂದ 2009ರವರೆಗೆ, 33 ವರ್ಷ ಇತ್ತು. ಹದಿನೈದಕ್ಕೂ ಹೆಚ್ಚು ಜನ ಅದರಲ್ಲಿ ನುಡಿಸಿದರು. ಎಲ್ಲಾ ಕಾಲಕ್ಕೂ ಇದ್ದವರು ಇಬ್ಬರು ಮಾತ್ರ. ಯಾರು ಬಂದರು, ಯಾರು ಹೋದರು, ಪ್ರತಿ ಬದಲಾವಣೆಯಿಂದ ಸದ್ದು ಹೇಗೆ ಬದಲಾಯ್ತು, ಇಷ್ಟು ಜನ ಬದಲಾದ ಮೇಲೂ ಅದು ಅದೇ ಬ್ಯಾಂಡ್ ಆಗಿ ಉಳಿದದ್ದು ಹೇಗೆ ಅನ್ನೋದನ್ನು ಇಲ್ಲಿ ಒಂದೇ ಕಡೆ ಕೊಟ್ಟಿದ್ದೇನೆ.

ಮೊದಲು, ಸೈಕೋಬಿಲ್ಲಿ ಅಂದ್ರೇನು?

1950ರ ದಶಕದ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಶುರು ಮಾಡೋಣ. ಕಪ್ಪು ಜನರ ರಿದಮ್ ಅಂಡ್ ಬ್ಲೂಸ್, ಬಡ ಬಿಳಿಯರ ಕಂಟ್ರಿ ಸಂಗೀತ ಎರಡೂ ಬೆರೆತು ಹುಟ್ಟಿದ್ದು ರಾಕಬಿಲ್ಲಿ. ಮೆಂಫಿಸ್ ನಗರದ ಸನ್ ಸ್ಟುಡಿಯೋ, ಎಲ್ವಿಸ್ ಪ್ರೆಸ್ಲಿ, ಕಾರ್ಲ್ ಪರ್ಕಿನ್ಸ್, ಜಾನಿ ಕ್ಯಾಶ್ ಇವೆಲ್ಲ ಅದರ ಮೊದಲ ಅಧ್ಯಾಯ. 'ಬಿಲ್ಲಿ' ಅನ್ನೋದು 'ಹಿಲ್‌ಬಿಲ್ಲಿ' ಪದದ ಬಾಲ. ಗುಡ್ಡಗಾಡಿನ ಬಡ ಬಿಳಿಯರನ್ನು ಹೀಯಾಳಿಸೋಕೆ ಬಳಸುತ್ತಿದ್ದ ಮಾತು. ನಮ್ಮಲ್ಲಿ 'ಹಳ್ಳಿ ಗಮಾರ' ಅಂತಾರಲ್ಲ, ಹಾಗೆ.

ಆ ರಾಕಬಿಲ್ಲಿಗೆ 1970ರ ದಶಕದ ಪಂಕ್‌ನ ಸಿಟ್ಟು, 1960ರ ದಶಕದ ಗ್ಯಾರೇಜ್ ಬ್ಯಾಂಡ್‌ಗಳ ಒರಟುತನ, ಅಗ್ಗದ ಹಾರರ್ ಸಿನಿಮಾಗಳ ದೆವ್ವ–ಪಿಶಾಚಿ ಸೇರಿಸಿದರೆ ಸಿಗೋದು ಸೈಕೋಬಿಲ್ಲಿ.

ಪದ ಬಂದ ದಾರಿ ಇನ್ನೂ ಸ್ವಾರಸ್ಯ. 1976ರಲ್ಲಿ ಜಾನಿ ಕ್ಯಾಶ್ ಹಾಡಿದ 'ಒನ್ ಪೀಸ್ ಅಟ್ ಎ ಟೈಮ್' ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಬರೆದವರು ವೇಯ್ನ್ ಕೆಂಪ್. ಕಥೆ ಹೀಗಿದೆ: ಡೆಟ್ರಾಯಿಟ್‌ನ ಕಾರ್ಖಾನೆಯಲ್ಲಿ ಕ್ಯಾಡಿಲಾಕ್ ಕಾರು ಜೋಡಿಸೋ ಕಾರ್ಮಿಕನೊಬ್ಬ. ದಿನಾ ಕಾರು ಮಾಡ್ತಾನೆ, ಆದರೆ ಅದನ್ನು ಕೊಳ್ಳೋ ಯೋಗ್ಯತೆ ಅವನ ಸಂಬಳಕ್ಕಿಲ್ಲ. ಹಾಗಾಗಿ ವರ್ಷಗಟ್ಟಲೆ ಊಟದ ಡಬ್ಬಿಯಲ್ಲಿ ಒಂದೊಂದೇ ಬಿಡಿಭಾಗ ಕದ್ದು ಮನೆಗೆ ಒಯ್ತಾನೆ. ಕೊನೆಗೆ ಜೋಡಿಸಿದರೆ ಯಾವ ಭಾಗವೂ ಇನ್ನೊಂದಕ್ಕೆ ಕೂಡಲ್ಲ. ಒಂದೊಂದೂ ಒಂದೊಂದು ವರ್ಷದ ಮಾಡೆಲ್. ಆ ವಿಚಿತ್ರ ಕಾರಿಗೆ ಹಾಡಿನಲ್ಲಿ ಬರೋ ವಿಶೇಷಣವೇ 'ಸೈಕೋಬಿಲ್ಲಿ'.

ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಶುರುವಾದ ಕ್ರ್ಯಾಂಪ್ಸ್ ಆ ಪದವನ್ನು ತಮ್ಮ ಶೋಗಳ ಕರಪತ್ರಕ್ಕೆ ಎತ್ತಿಕೊಂಡರು. ಜಾತ್ರೆಯಲ್ಲಿ ಜನ ಸೇರಿಸೋಕೆ ಕೂಗ್ತಾರಲ್ಲ, ಆ ಥರದ ಕೂಗು ಅಷ್ಟೇ, ಅದೊಂದು ಪ್ರಕಾರ ಅಂತ ನಾವು ಅಂದುಕೊಂಡೇ ಇರಲಿಲ್ಲ ಅಂತ ಮುಂದೆ ಅವರು ಹೇಳಿಕೊಂಡರು. ಆದರೆ ಹೆಸರು ಅಂಟಿಕೊಳ್ತು.

ಆ ಕಾರನ್ನು ನೆನಪಿಟ್ಟುಕೊಳ್ಳಿ. ಬೇರೆ ಬೇರೆ ವರ್ಷದ ಭಾಗಗಳು, ಒಂದೇ ಗಾಡಿ. ಈ ಬ್ಯಾಂಡಿನ ಸದಸ್ಯರ ಪಟ್ಟಿಯೂ ಹಾಗೇ ಇದೆ.

ಸ್ಯಾಕ್ರಮೆಂಟೋ, ಆಕ್ರನ್, ನ್ಯೂಯಾರ್ಕ್

ಎರಿಕ್ ಪರ್ಕೈಸರ್ ಹುಟ್ಟಿದ್ದು 1946ರಲ್ಲಿ. ಬೆಳೆದದ್ದು ಓಹಾಯೋ ರಾಜ್ಯದ ಸ್ಟೋ ಅನ್ನೋ ಊರಲ್ಲಿ, ಆಕ್ರನ್ ನಗರದ ಪಕ್ಕ. ಆಕ್ರನ್ ಅಂದ್ರೆ ಟೈರು: ಗುಡ್‌ಇಯರ್, ಫೈರ್‌ಸ್ಟೋನ್ ಕಂಪನಿಗಳ ತವರು. ಹತ್ತಿರದ ಕ್ಲೀವ್‌ಲ್ಯಾಂಡ್ ನಗರದ ಟಿವಿಯಲ್ಲಿ 1963ರಿಂದ 1966ರವರೆಗೆ 'ಗೂಲಾರ್ಡಿ' ಅನ್ನೋ ವೇಷದ ನಿರೂಪಕ ರಾತ್ರಿ ಹೊತ್ತು ಹಳೇ ಹಾರರ್ ಸಿನಿಮಾ ಹಾಕಿ, ಮಧ್ಯೆ ಮಧ್ಯೆ ಅದನ್ನೇ ಲೇವಡಿ ಮಾಡ್ತಿದ್ದ. ಆ ಊರಿನ ಒಂದು ತಲೆಮಾರಿನ ಹುಡುಗರ ತಲೆ ಕೆಡಿಸಿದ ಕಾರ್ಯಕ್ರಮ ಅದು. ಎರಿಕ್ ಅವರಲ್ಲೊಬ್ಬ.

ಕ್ರಿಸ್ಟಿ ವ್ಯಾಲೇಸ್ ಹುಟ್ಟಿದ್ದು 1953ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. 1972ರಲ್ಲಿ ಸ್ಯಾಕ್ರಮೆಂಟೋದ ರಸ್ತೆಯಲ್ಲಿ ಲಿಫ್ಟ್ ಕೇಳ್ತಾ ನಿಂತಿದ್ದ ಆಕೆಗಾಗಿ ಎರಿಕ್ ಕಾರು ನಿಲ್ಲಿಸಿದ. ಅಲ್ಲಿಂದ ಮುಂದೆ 37 ವರ್ಷ ಇಬ್ಬರೂ ಒಟ್ಟಿಗೇ ಇದ್ದರು. ಇಬ್ಬರಿಗೂ ಒಂದೇ ಹುಚ್ಚು: ಗುಜರಿ ಅಂಗಡಿಗಳಲ್ಲಿ ಯಾರೂ ಕೇಳದ ಹಳೇ ರೆಕಾರ್ಡ್ ಹುಡುಕೋದು. 1973ರಲ್ಲಿ ಆಕ್ರನ್‌ಗೆ ಹೋದರು, 1975ರಲ್ಲಿ ನ್ಯೂಯಾರ್ಕ್ ಸೇರಿದರು. ಕಾರಿನ ಜಾಹೀರಾತಿನಿಂದ ಎತ್ತಿಕೊಂಡ ಹೆಸರು ಅವನದು: ಲಕ್ಸ್ ಇಂಟೀರಿಯರ್. ಅವಳು ಪಾಯ್ಸನ್ ಐವಿ ಆದಳು. ಲಕ್ಸ್ ಹಾಡುಗಾರ, ಐವಿ ಗಿಟಾರ್.

1976–77: ಬಾಸ್ ಇಲ್ಲದ ನಾಲ್ವರು

ಮೊದಲ ತಂಡದಲ್ಲಿ ಲಕ್ಸ್, ಐವಿ ಜೊತೆ ಎರಡನೇ ಗಿಟಾರಿಗೆ ಬ್ರಯಾನ್ ಗ್ರೆಗರಿ, ಡ್ರಮ್ಸ್‌ಗೆ ಆತನ ತಂಗಿ ಪ್ಯಾಮ್ ಇದ್ದರು. ಪ್ಯಾಮ್ ಹೆಚ್ಚು ದಿನ ಇರಲಿಲ್ಲ. ಆಕೆಯ ಜಾಗಕ್ಕೆ ಓಹಾಯೋದ ಇನ್ನೊಬ್ಬ ಹುಡುಗಿ ಮಿರಿಯಮ್ ಲಿನಾ ಬಂದಳು. ರಾಮೋನ್ಸ್, ಟೆಲಿವಿಷನ್, ಬ್ಲಾಂಡಿ ಬೆಳೆದ ಸಿಬಿಜಿಬಿ ಕ್ಲಬ್ಬಿನಲ್ಲೇ ಇವರೂ ನುಡಿಸೋಕೆ ಶುರು ಮಾಡಿದರು. 1977ರಲ್ಲಿ ಮಿರಿಯಮ್ ಹೋಗಿ ನಿಕ್ ನಾಕ್ಸ್ ಬಂದರು. ಕ್ಲೀವ್‌ಲ್ಯಾಂಡಿನ ಎಲೆಕ್ಟ್ರಿಕ್ ಈಲ್ಸ್ ತಂಡದಲ್ಲಿದ್ದವರು, ಕಪ್ಪು ಕನ್ನಡಕ ತೆಗೆಯದವರು, ಅನಗತ್ಯ ಒಂದು ಪೆಟ್ಟೂ ಹೊಡೆಯದವರು. ಮುಂದಿನ ಸುಮಾರು 14 ವರ್ಷ ಡ್ರಮ್ ಸೀಟು ಅವರದೇ.

ಗಮನಿಸಿ, ಈ ತಂಡದಲ್ಲಿ ಬಾಸ್ ಗಿಟಾರ್ ಇಲ್ಲ. ಎಂಜಿನಿಯರಿಂಗ್ ಓದಿದ ಚಟ, ಸ್ವಲ್ಪ ಸಹಿಸಿಕೊಳ್ಳಿ. ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಜ್. ಬಾಸ್ ಗಿಟಾರಿನ ದಪ್ಪ ತಂತಿ ಅದರ ಅರ್ಧ, 41 ಹರ್ಟ್ಜ್. ಅಂದ್ರೆ ಬಾಸ್ ತೆಗೆದರೆ ಹಾಡಿನ ನೆಲಮಾಳಿಗೆಯೇ ಹೋದ ಹಾಗೆ. ಕ್ರ್ಯಾಂಪ್ಸ್ ಆ ಖಾಲಿ ಜಾಗವನ್ನು ಬ್ರಯಾನ್‌ರ ಫಜ್ ಗಿಟಾರಿನ ಗೊರಗೊರ ಸದ್ದು, ನಿಕ್‌ರ ಡ್ರಮ್ಮಿನ ಗುದ್ದು, ಧಾರಾಳ ಪ್ರತಿಧ್ವನಿಯಿಂದ ತುಂಬಿದರು. ಐವಿಯ ಗಿಟಾರ್ ಅದರ ಮೇಲೆ ಸ್ವಚ್ಛವಾಗಿ, ಹಳೇ ರಾಕಬಿಲ್ಲಿ ಶೈಲಿಯಲ್ಲಿ ಮಿಂಚುತ್ತಿತ್ತು. ಖಾಲಿ ಮನೆಯಲ್ಲಿ ಯಾರೋ ನುಡಿಸ್ತಿದ್ದಾರೆ ಅನ್ನಿಸೋ ಭಯಾನಕ ಭಾವ ಬಂದದ್ದು ಆ ಕೊರತೆಯಿಂದ.

ಇಲ್ಲೊಂದು ವಿಪರ್ಯಾಸ ಇದೆ. ಮುಂದೆ ಯುರೋಪಿನಲ್ಲಿ ಬೆಳೆದ ಸೈಕೋಬಿಲ್ಲಿಯ ಗುರುತೇ ಆಳೆತ್ತರದ ಡಬಲ್ ಬಾಸ್, ಅದರ ತಂತಿಯನ್ನು ಪಟಪಟ ಬಡಿಯೋ ಸದ್ದು. ಆ ಹೆಸರನ್ನು ಚಲಾವಣೆಗೆ ತಂದ ಬ್ಯಾಂಡಿನಲ್ಲಿ ಮೊದಲ ಹತ್ತು ವರ್ಷ ಬಾಸೇ ಇರಲಿಲ್ಲ.

1978: ನಾಪಾ ಆಸ್ಪತ್ರೆಯ ಮಧ್ಯಾಹ್ನ

ಬ್ಯಾಂಡಿನ ಚರಿತ್ರೆಯಲ್ಲಿ ಎಲ್ಲರೂ ನೆನೆಯೋ ದಿನ 1978ರ ಜೂನ್ 13. ಅವತ್ತು ಕ್ರ್ಯಾಂಪ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಟಂಟ್ಸ್ ತಂಡ ಕ್ಯಾಲಿಫೋರ್ನಿಯಾದ ನಾಪಾ ಸರ್ಕಾರಿ ಮಾನಸಿಕ ಆಸ್ಪತ್ರೆಯ ರೋಗಿಗಳಿಗಾಗಿ ಉಚಿತವಾಗಿ ನುಡಿಸಿದವು. 'ಟಾರ್ಗೆಟ್ ವಿಡಿಯೋ' ತಂಡ ಅದನ್ನು ಕಪ್ಪು–ಬಿಳುಪಿನಲ್ಲಿ ಚಿತ್ರೀಕರಿಸಿತು. ಸುಮಾರು 20 ನಿಮಿಷದ ಆ ವಿಡಿಯೋ ಈಗಲೂ ಸಿಗತ್ತೆ.

ನೋಡಿದರೆ ಮೊದಲು ಮುಜುಗರ ಆಗತ್ತೆ. 'ಸೈಕೋ' ಅಂತ ಹೆಸರಿಟ್ಟುಕೊಂಡ ಸಂಗೀತ, ಕೇಳೋರು ನಿಜವಾದ ರೋಗಿಗಳು. ಗೇಲಿ ಮಾಡೋಕೆ ಹೋದರಾ ಅನ್ನೋ ಅನುಮಾನ ನನಗೂ ಬಂದಿತ್ತು. ಆದರೆ ಎರಡು ನಿಮಿಷದಲ್ಲಿ ವೇದಿಕೆ ಯಾವುದು, ಸಭೆ ಯಾವುದು ಅನ್ನೋ ಗೆರೆಯೇ ಅಳಿಸಿಹೋಗತ್ತೆ. ರೋಗಿಗಳು ಮೈಕ್ ಹಿಡಿದು ಕೂಗ್ತಾರೆ, ಲಕ್ಸ್ ಜೊತೆ ಕುಣೀತಾರೆ. ನಿಮಗೆ ಹುಚ್ಚು ಅಂತ ಯಾರೋ ಹೇಳಿದರು, ನನಗೇನೋ ಹಾಗನ್ನಿಸ್ತಿಲ್ಲ ಅನ್ನೋ ಅರ್ಥದ ಮಾತು ಲಕ್ಸ್ ಅವರಿಗೆ ಹೇಳ್ತಾನೆ.

ಆಗಿನ ರಾಜಕೀಯವನ್ನೂ ಸೇರಿಸಿಕೊಂಡು ನೋಡಬೇಕು. 1967ರಲ್ಲಿ ರೊನಾಲ್ಡ್ ರೇಗನ್ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದಾಗ, ಜನರನ್ನು ಬಲವಂತವಾಗಿ ಆಸ್ಪತ್ರೆಯಲ್ಲಿ ಕೂಡಿಹಾಕೋದಕ್ಕೆ ಮಿತಿ ಹಾಕೋ ಕಾಯ್ದೆ ಬಂತು. ಉದ್ದೇಶ ಒಳ್ಳೇದೇ. ಆದರೆ ಹೊರಗೆ ಬಂದವರನ್ನು ನೋಡಿಕೊಳ್ಳೋ ವ್ಯವಸ್ಥೆಗೆ ಬೇಕಾದಷ್ಟು ದುಡ್ಡು ಬರಲಿಲ್ಲ, ಎಷ್ಟೋ ಜನ ಬೀದಿಗೆ ಬಿದ್ದರು. ಒಳಗಿದ್ದವರನ್ನು ಮನುಷ್ಯರ ಹಾಗೆ ಮಾತಾಡಿಸೋರು ಕಡಿಮೆ ಇದ್ದ ಕಾಲ ಅದು. 2021ರಲ್ಲಿ ಈ ಶೋ ಬಗ್ಗೆ 'ವಿ ವರ್ ದೇರ್ ಟು ಬಿ ದೇರ್' ಅನ್ನೋ ಸಾಕ್ಷ್ಯಚಿತ್ರವೂ ಬಂತು.

1979–80: ಮೊದಲ ಆಲ್ಬಂ, ಮೊದಲ ಬಿರುಕು

1977ರಲ್ಲೇ ಬ್ಯಾಂಡ್ ಮೆಂಫಿಸ್‌ಗೆ ಹೋಗಿ, 'ಬಿಗ್ ಸ್ಟಾರ್' ತಂಡದ ಅಲೆಕ್ಸ್ ಚಿಲ್ಟನ್ ನಿರ್ಮಾಣದಲ್ಲಿ ಹಾಡುಗಳನ್ನು ರೆಕಾರ್ಡ್ ಮಾಡಿತ್ತು. 1978ರಲ್ಲಿ ಅವನ್ನು 'ವೆಂಜನ್ಸ್' ಅಂತ ಸ್ವಂತ ಲೇಬಲ್ ಮಾಡಿ ಸಿಂಗಲ್‌ಗಳಾಗಿ ಬಿಟ್ಟರು. 1979ರಲ್ಲಿ ಅವೇ 'ಗ್ರೇವೆಸ್ಟ್ ಹಿಟ್ಸ್' ಅನ್ನೋ ಇಪಿ ಆದವು. ಐದು ಹಾಡಿನಲ್ಲಿ 'ಹ್ಯೂಮನ್ ಫ್ಲೈ' ಮಾತ್ರ ಸ್ವಂತದ್ದು, ಉಳಿದವು ಹಳೇ ಹಾಡುಗಳ ಹೊಸ ಅವತಾರ. ಅದೇ ವರ್ಷ ಬ್ರಿಟನ್‌ನಲ್ಲಿ ಪೊಲೀಸ್ ಬ್ಯಾಂಡಿನ ಜೊತೆ ಪ್ರವಾಸ ಹೋದರು. ಇಪಿ ಹೊರತಂದ ಲೇಬಲ್ಲಿನ ಮಾಲೀಕ ಮೈಲ್ಸ್ ಕೋಪ್‌ಲ್ಯಾಂಡ್, ಪೊಲೀಸ್ ಡ್ರಮ್ಮರ್ ಸ್ಟೂವರ್ಟ್ ಅವರ ಅಣ್ಣ. ಈ ಹೆಸರು ಮುಂದೆ ಮತ್ತೆ ಬರತ್ತೆ.

1980ರಲ್ಲಿ ಮೊದಲ ಪೂರ್ಣ ಆಲ್ಬಂ 'ಸಾಂಗ್ಸ್ ದಿ ಲಾರ್ಡ್ ಟಾಟ್ ಅಸ್', ಮತ್ತೆ ಚಿಲ್ಟನ್ ಜೊತೆ, ಮತ್ತೆ ಮೆಂಫಿಸ್‌ನಲ್ಲಿ. ಅದು ಬಂದ ಕೆಲವೇ ತಿಂಗಳಿಗೆ, ಪ್ರವಾಸದ ಮಧ್ಯದಲ್ಲೇ ಬ್ರಯಾನ್ ಗ್ರೆಗರಿ ಹೊರಟುಹೋದರು. ಬ್ಯಾಂಡಿನ ಸಾಮಾನಿದ್ದ ವ್ಯಾನ್ ಸಮೇತ ಹೋದರು ಅನ್ನೋದು ಆಗ ಹಬ್ಬಿದ ಸುದ್ದಿ. ಮುಖದ ಮುಂದೆ ಬಿದ್ದ ಬಿಳಿ ಕೂದಲ ಗೊಂಚಲು, ಎಲುಬಿನ ಆಭರಣ ಹಾಕಿಕೊಂಡು ಅಭಿಮಾನಿಗಳನ್ನು ಹೆದರಿಸುತ್ತಿದ್ದ ಮನುಷ್ಯ. ಬ್ಯಾಂಡಿನ ಅರ್ಧ ಮುಖ ಅವರದೇ ಆಗಿತ್ತು. ಎಷ್ಟೋ ಜನ ಕ್ರ್ಯಾಂಪ್ಸ್ ಕಥೆ ಮುಗೀತು ಅಂದರು. ಉಳಿದ ಶೋಗಳಿಗೆ ಜೂಲಿಯನ್ ಅನ್ನೋ ಗಿಟಾರ್ ವಾದಕಿ ಸ್ವಲ್ಪ ಕಾಲ ಬಂದಳು. ಬ್ಯಾಂಡ್ ನ್ಯೂಯಾರ್ಕ್ ಬಿಟ್ಟು ಲಾಸ್ ಏಂಜಲೀಸ್ ಸೇರಿತು.

1981–83: ಕಿಡ್ ಕಾಂಗೋ ಮತ್ತು ಕೋರ್ಟು

ಲಾಸ್ ಏಂಜಲೀಸ್‌ನಲ್ಲಿ ಸಿಕ್ಕಿದ್ದು ಬ್ರಯಾನ್ ಟ್ರಿಸ್ಟನ್. ಮೆಕ್ಸಿಕನ್–ಅಮೆರಿಕನ್ ಕುಟುಂಬದ ಹುಡುಗ, 'ದಿ ಗನ್ ಕ್ಲಬ್' ತಂಡ ಕಟ್ಟಿದವರಲ್ಲೊಬ್ಬ, ಸಲಿಂಗಿ ಅನ್ನೋದನ್ನು ಮುಚ್ಚಿಡದವನು. ಕ್ರ್ಯಾಂಪ್ಸ್ ಸೇರಿದ ಮೇಲೆ 'ಕಿಡ್ ಕಾಂಗೋ ಪವರ್ಸ್' ಆದ. 1981ರ 'ಸೈಕೆಡೆಲಿಕ್ ಜಂಗಲ್' ಈ ತಂಡದ ಆಲ್ಬಂ. 'ಗೂ ಗೂ ಮಕ್' ಇರೋದು ಇದರಲ್ಲೇ. ಮೊದಲ ಆಲ್ಬಂನ ಕಿರುಚಾಟಕ್ಕಿಂತ ಇದು ನಿಧಾನ, ಜೌಗು ನೆಲದಲ್ಲಿ ಕಾಲು ಹೂತ ಹಾಗೆ.

ಆಮೇಲೆ ಎರಡು ವರ್ಷ ಮೌನ. ಕಾರಣ ಸಂಗೀತ ಅಲ್ಲ, ದುಡ್ಡು. ಬರಬೇಕಾದ ರಾಯಲ್ಟಿ ಬಂದಿಲ್ಲ ಅಂತ ಬ್ಯಾಂಡ್ ತಮ್ಮ ಲೇಬಲ್ಲಿನ ಮೈಲ್ಸ್ ಕೋಪ್‌ಲ್ಯಾಂಡ್ ವಿರುದ್ಧ ಕೋರ್ಟಿಗೆ ಹೋಯ್ತು. ವ್ಯಾಜ್ಯ ಇರೋ ತನಕ ಹೊಸದೇನನ್ನೂ ಬಿಡುಗಡೆ ಮಾಡೋ ಹಾಗಿರಲಿಲ್ಲ. ಏರುಗತಿಯಲ್ಲಿದ್ದ ಬ್ಯಾಂಡಿಗೆ 1981ರಿಂದ 1983ರ ನಡುವಿನ ಸಮಯ ಅಂದ್ರೆ ಬಂಗಾರ. ಅಷ್ಟರಲ್ಲಿ ಇವರಿಂದ ಪ್ರೇರಣೆ ಪಡೆದ ತಂಡಗಳು ಯುರೋಪಿನಲ್ಲಿ ರೆಕಾರ್ಡ್ ಮೇಲೆ ರೆಕಾರ್ಡ್ ತರ್ತಿದ್ದವು.

1983ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಪೆಪರ್‌ಮಿಂಟ್ ಲೌಂಜ್‌ನಲ್ಲಿ ಲೈವ್ ರೆಕಾರ್ಡ್ ಮಾಡಿದ 'ಸ್ಮೆಲ್ ಆಫ್ ಫೀಮೇಲ್' ಬಂದಾಗ ಮೌನ ಮುರೀತು. ಅದೇ ವರ್ಷ ಕಿಡ್ ಕಾಂಗೋ ಹೊರಟ. ಮುಂದೆ ಆತ ನಿಕ್ ಕೇವ್ ಅವರ 'ಬ್ಯಾಡ್ ಸೀಡ್ಸ್'ನಲ್ಲಿ ನುಡಿಸಿದ, 2022ರಲ್ಲಿ ಆತ್ಮಕಥೆ ಬರೆದ. ಅವನ ಜಾಗಕ್ಕೆ ನಿಕ್ ನಾಕ್ಸ್‌ರ ಸಂಬಂಧಿ ಐಕ್ ನಾಕ್ಸ್, ನಂತರ ಕ್ಲಿಕ್ ಮಾರ್ಟ್ ಬಂದು ಹೋದರು. ಇಬ್ಬರೂ ನಿಲ್ಲಲಿಲ್ಲ.

1986–91: ಕೊನೆಗೂ ಬಾಸ್ ಬಂತು

ಎರಡನೇ ಗಿಟಾರಿಗೆ ಜನ ಸಿಗದೇ ಇದ್ದಾಗ ಐವಿ ಲೆಕ್ಕಾಚಾರವನ್ನೇ ಬದಲಿಸಿದಳು. 1986ರ 'ಎ ಡೇಟ್ ವಿತ್ ಎಲ್ವಿಸ್' ಆಲ್ಬಂನಲ್ಲಿ ಗಿಟಾರೂ ಅವಳದೇ, ಬಾಸೂ ಅವಳದೇ. ಎರಡನೇ ಗಿಟಾರ್ ಹೋಯ್ತು, ಬಾಸ್ ಬಂತು, ಸದ್ದು ತುಂಬಿಕೊಳ್ತು. ಯುರೋಪಿನಲ್ಲಿ ಚೆನ್ನಾಗಿ ಮಾರಾಟವಾದ ಈ ಆಲ್ಬಂ ಅಮೆರಿಕದಲ್ಲಿ ಬಿಡುಗಡೆಯಾಗೋಕೆ 1990ರವರೆಗೆ ಕಾಯಬೇಕಾಯ್ತು.

ವೇದಿಕೆ ಮೇಲೆ ಬಾಸ್ ನುಡಿಸೋಕೆ ಮೊದಲು ಫರ್, ಆಮೇಲೆ ಕ್ಯಾಂಡಿ ಡೆಲ್ ಮಾರ್ ಬಂದರು. ಲಕ್ಸ್, ಐವಿ, ಕ್ಯಾಂಡಿ, ನಿಕ್: ಈ ನಾಲ್ವರ ತಂಡ 1991ರವರೆಗೆ ನಿಂತಿತು. 1990ರ 'ಸ್ಟೇ ಸಿಕ್!' ಆಲ್ಬಂ ಇವರದು, ನಿರ್ಮಾಣ ಐವಿಯದು. ಶೀರ್ಷಿಕೆ ಚಿಕ್ಕಂದಿನ ಆ ಗೂಲಾರ್ಡಿ ಟಿವಿಯಲ್ಲಿ ಹೇಳ್ತಿದ್ದ ಮಾತು. ಅದರ 'ಬಿಕಿನಿ ಗರ್ಲ್ಸ್ ವಿತ್ ಮಷೀನ್ ಗನ್ಸ್' ಬ್ರಿಟನ್ ಪಟ್ಟಿಯಲ್ಲಿ 35ನೇ ಸ್ಥಾನ ತಲುಪಿತು.

1991–2006: ಡ್ರಮ್ ಸೀಟಿನ ಓಡಾಟ

1991ರಲ್ಲಿ ನಿಕ್ ನಾಕ್ಸ್, ಕ್ಯಾಂಡಿ ಇಬ್ಬರೂ ಹೋದರು. ಅಲ್ಲಿಂದ ಮುಂದೆ ಬದಲಾವಣೆ ಬೇಗ ಬೇಗ. 'ಲುಕ್ ಮಾಮ್ ನೋ ಹೆಡ್!' ಆಲ್ಬಂಗೆ ಬಾಸ್‌ನಲ್ಲಿ ಸ್ಲಿಮ್ ಚಾನ್ಸ್, ಡ್ರಮ್ಸ್‌ನಲ್ಲಿ ಜಿಮ್ ಸ್ಕ್ಲಾವುನೋಸ್. ಒಂದು ಹಾಡಿನಲ್ಲಿ ಇಗ್ಗಿ ಪಾಪ್ ಅತಿಥಿ. ಆಮೇಲೆ ಡ್ರಮ್ಸ್‌ಗೆ ವೀರ್ಡೋಸ್ ತಂಡದ ನಿಕಿ ಅಲೆಕ್ಸಾಂಡರ್, ನಂತರ 1993ರಿಂದ ಹ್ಯಾರಿ ಡ್ರಮ್‌ಡೀನಿ. 1994ರಲ್ಲಿ 'ಫ್ಲೇಮ್‌ಜಾಬ್', 1997ರಲ್ಲಿ 'ಬಿಗ್ ಬೀಟ್ ಫ್ರಮ್ ಬ್ಯಾಡ್ಸ್‌ವಿಲ್'. 1995ರಲ್ಲಿ 'ಬೆವರ್ಲಿ ಹಿಲ್ಸ್ 90210' ಧಾರಾವಾಹಿಯ ಹ್ಯಾಲೋವೀನ್ ಕಂತಿನಲ್ಲೂ ಕಾಣಿಸಿಕೊಂಡರು.

2000ದ ನಂತರ ಬಾಸ್‌ಗೆ ಶುಗರ್‌ಪೈ ಜೋನ್ಸ್, ಆಮೇಲೆ ಚಾಪರ್ ಫ್ರಾಂಕ್ಲಿನ್. ಹಳೇ ಸ್ವಂತ ಲೇಬಲ್ ವೆಂಜನ್ಸ್‌ಗೆ ಜೀವ ಕೊಟ್ಟು 2003ರಲ್ಲಿ 'ಫೀಂಡ್ಸ್ ಆಫ್ ಡೋಪ್ ಐಲ್ಯಾಂಡ್' ತಂದರು. ಅದೇ ಕೊನೆಯ ಸ್ಟುಡಿಯೋ ಆಲ್ಬಂ. 2006ರಲ್ಲಿ ಕೊನೆಯ ಶೋಗಳು.

2009: ಕಾರು ನಿಂತಿತು

2009ರ ಫೆಬ್ರವರಿ 4ರಂದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಲಕ್ಸ್ ಇಂಟೀರಿಯರ್ ತೀರಿಕೊಂಡ. ಹೃದಯದಿಂದ ಹೊರಡೋ ಮಹಾಧಮನಿಯ ಗೋಡೆ ಸೀಳಿ ಬಂದ ಸಾವು. 62 ವರ್ಷ. ಸ್ಮರಣೆಯ ಕಾರ್ಯಕ್ರಮ ನಡೆದದ್ದು ಎಲ್ಲಿ ಗೊತ್ತಾ? ಪರಮಹಂಸ ಯೋಗಾನಂದರು ಕಟ್ಟಿದ ಸೆಲ್ಫ್ ರಿಯಲೈಸೇಷನ್ ಫೆಲೋಶಿಪ್‌ನ, ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿರೋ ಕೊಳದ ದಂಡೆಯ ಮಂದಿರದಲ್ಲಿ.

ಐವಿ ಹೊಸ ಹಾಡುಗಾರನನ್ನು ಹುಡುಕಲಿಲ್ಲ. ಗಿಟಾರ್ ಹೋದಾಗ ಬೇರೆ ಗಿಟಾರ್ ಬಂದಿತ್ತು, ಡ್ರಮ್ ಹೋದಾಗ ಬೇರೆ ಡ್ರಮ್ ಬಂದಿತ್ತು. ಈ ಸಲ ಬ್ಯಾಂಡೇ ಮುಗೀತು. ಬ್ರಯಾನ್ ಗ್ರೆಗರಿ 2001ರಲ್ಲೇ ಹೋಗಿದ್ದರು. ನಿಕ್ ನಾಕ್ಸ್ 2018ರಲ್ಲಿ ಹೋದರು.

ಹಾಗಾದರೆ ಬ್ಯಾಂಡ್ ಯಾರದು?

ಕ್ರ್ಯಾಂಪ್ಸ್ ಬಗ್ಗೆ ಹಳೇ ಬರಹಗಳನ್ನು ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯತ್ತೆ. ಲಕ್ಸ್ ಬಗ್ಗೆ ಪುಟಗಟ್ಟಲೆ: ಹೈ ಹೀಲ್ಸ್, ಮೈಕನ್ನು ಬಾಯಿಗೆ ತುರುಕಿಕೊಳ್ಳೋದು, ಹರಿದ ಪ್ಯಾಂಟು. ಐವಿ ಬಗ್ಗೆ ಬಂದ ಮಾತೆಲ್ಲ ಹೆಚ್ಚಾಗಿ ಅವಳ ಉಡುಪಿನದು. ಆದರೆ ಕೆಲಸದ ಪಟ್ಟಿ ನೋಡಿ: ಎಲ್ಲಾ ಆಲ್ಬಂಗಳಲ್ಲಿ ಗಿಟಾರ್, ಲಕ್ಸ್ ಜೊತೆ ಹಾಡುಗಳ ರಚನೆ, ಬೇಕಾದಾಗ ಬಾಸ್, ನಿರ್ಮಾಣ, ಬ್ಯಾಂಡಿನ ವ್ಯವಹಾರ. ಸದಸ್ಯರು ಬದಲಾದರೂ ಅವಳ ಗಿಟಾರಿನ ಸದ್ದು ಬದಲಾಗಲಿಲ್ಲ. ಕಣ್ಣು ಮುಚ್ಚಿ ಕೇಳಿದರೂ ಕ್ರ್ಯಾಂಪ್ಸ್ ಅಂತ ಗೊತ್ತಾಗೋದು ಅದರಿಂದಲೇ. ಒಬ್ಬ ಗಂಡಸು ಇಷ್ಟೆಲ್ಲ ಮಾಡಿದ್ದರೆ 'ಮಾಸ್ಟರ್‌ಮೈಂಡ್' ಅಂತಿದ್ದರು. ಅವಳನ್ನು 'ಲಕ್ಸ್‌ನ ಹೆಂಡತಿ, ಗಿಟಾರೂ ನುಡಿಸ್ತಾಳೆ' ಅಂತ ಬರೆದವರೇ ಹೆಚ್ಚು.

ನಮ್ಮ ಸಿನಿಮಾ, ರಂಗಭೂಮಿ, ಸಂಘಟನೆ, ನ್ಯೂಸ್‌ರೂಮ್ ಎಲ್ಲಾ ಕಡೆ ಇದೇ ಲೆಕ್ಕ ನಡೆಯತ್ತೆ. ಮೈಕ್ ಹಿಡಿದವನ ಹೆಸರು ಪೋಸ್ಟರಿಗೆ. ವ್ಯವಸ್ಥೆ ಓಡಿಸಿದವಳ ಹೆಸರು ಕೊನೆಯ ಸಾಲಿನ ಧನ್ಯವಾದಕ್ಕೆ.

ಹಾಡು ಯಾರದು?

ಇನ್ನೊಂದು ಪ್ರಶ್ನೆಯಿಂದ ಅಭಿಮಾನಿಗಳೂ ತಪ್ಪಿಸಿಕೊಳ್ಳೋ ಹಾಗಿಲ್ಲ. ಕ್ರ್ಯಾಂಪ್ಸ್ ಹಾಡಿದ್ದರಲ್ಲಿ ಬಹಳಷ್ಟು ಬೇರೆಯವರದು. ರಾಕಬಿಲ್ಲಿಯ ಬೇರು ಕಪ್ಪು ಜನರ ಸಂಗೀತದಲ್ಲಿದೆ, ಲಾಭ ಹೆಚ್ಚಾಗಿ ಬಿಳಿಯರಿಗೆ ಹೋಯ್ತು. 'ಫೀವರ್' ಹಾಡನ್ನೇ ತಗೊಳ್ಳಿ. 1956ರಲ್ಲಿ ಮೊದಲು ಹಾಡಿದ್ದು ಕಪ್ಪು ಗಾಯಕ ಲಿಟಲ್ ವಿಲ್ಲಿ ಜಾನ್. ಇವತ್ತು ಆ ಹಾಡು ಅಂದ್ರೆ ಹೆಚ್ಚಿನವರಿಗೆ ನೆನಪಾಗೋದು ಪೆಗ್ಗಿ ಲೀ. ಕ್ರ್ಯಾಂಪ್ಸ್ ಕೂಡ ಅದನ್ನು ಹಾಡಿದರು. ಹಳೇ ಹಾಡಿನ ರಿಫ್ ಎತ್ತಿ ಹೊಸ ಸಾಹಿತ್ಯ ಹಾಕಿ ತಮ್ಮ ಹೆಸರು ಬರೆದುಕೊಂಡರು ಅನ್ನೋ ಟೀಕೆಯೂ ಅವರ ಮೇಲಿದೆ. ತಮ್ಮ ರಾಯಲ್ಟಿಗಾಗಿ ಎರಡು ವರ್ಷ ಸುಮ್ಮನಿದ್ದ ಬ್ಯಾಂಡಿಗೆ ಈ ಪ್ರಶ್ನೆ ಕೇಳೋದು ನ್ಯಾಯವೇ.

ಆದರೆ ಎದುರು ತಕ್ಕಡಿಯಲ್ಲೂ ಸ್ವಲ್ಪ ತೂಕ ಇದೆ. ಅವರು ಹಾಡಿದ್ದು ಹೆಚ್ಚಾಗಿ ಚರಿತ್ರೆಯ ಕಸದ ಬುಟ್ಟಿಗೆ ಬಿದ್ದ ಹಾಡುಗಳನ್ನು, ಮೂಲ ಯಾರದು ಅಂತ ಸಂದರ್ಶನಗಳಲ್ಲಿ ಉತ್ಸಾಹದಿಂದ ಹೇಳ್ತಿದ್ದರು. ಅವರು ಹಾಡಿದ ಮೂಲ ಹಾಡುಗಳನ್ನು ಹುಡುಕಿ ಜೋಡಿಸಿದ 'ಬಾರ್ನ್ ಬ್ಯಾಡ್' ಅನ್ನೋ ಸಂಕಲನ ಸರಣಿಯೇ 1980ರ ದಶಕದಲ್ಲಿ ಬಂತು. ವೆಸ್ಟ್ ವರ್ಜೀನಿಯಾದ ಗುಡ್ಡಗಳಲ್ಲಿ ಒಬ್ಬನೇ ಗಿಟಾರ್, ಡ್ರಮ್ಸ್ ಎರಡೂ ನುಡಿಸ್ತಾ ಕೂತಿದ್ದ ಹ್ಯಾಸಿಲ್ ಆಡ್ಕಿನ್ಸ್ ಹಾಡನ್ನೂ ಕ್ರ್ಯಾಂಪ್ಸ್ ಹಾಡಿದ್ದರು. 1986ರಲ್ಲಿ ಆ ಆಡ್ಕಿನ್ಸ್ ರೆಕಾರ್ಡ್ ತರೋಕೆ ಅಂತಲೇ ಗಂಡ ಬಿಲ್ಲಿ ಮಿಲ್ಲರ್ ಜೊತೆ 'ನಾರ್ಟನ್ ರೆಕಾರ್ಡ್ಸ್' ಶುರು ಮಾಡಿದ್ದು ಯಾರು? ಒಂದೇ ವರ್ಷದಲ್ಲಿ ಬ್ಯಾಂಡ್ ಬಿಟ್ಟಿದ್ದ ಆ ಡ್ರಮ್ಮರ್, ಮಿರಿಯಮ್ ಲಿನಾ.

ಇದರಲ್ಲಿ ರಾಜಕೀಯ ಎಲ್ಲಿದೆ?

1980ರಲ್ಲಿ ಲಂಡನ್‌ನಲ್ಲಿ ಪಿ. ಪಾಲ್ ಫೆನೆಕ್, ನೈಜಲ್ ಲೂಯಿಸ್, ಮಾರ್ಕ್ ರಾಬರ್ಟ್‌ಸನ್ ಸೇರಿ 'ದಿ ಮೀಟಿಯರ್ಸ್' ಕಟ್ಟಿದರು. ಸೈಕೋಬಿಲ್ಲಿ ಒಂದು ಪ್ರಕಾರ, ಒಂದು ಅಭಿಮಾನಿ ಬಳಗ ಆಗಿದ್ದು ಇವರಿಂದ. ಹ್ಯಾಮರ್‌ಸ್ಮಿತ್‌ನ ಕ್ಲಾರೆಂಡನ್ ಹೋಟೆಲಿನ 'ಕ್ಲಬ್ ಫುಟ್' ಅದರ ಅಡ್ಡಾ. ಅಲ್ಲೂ ಸದಸ್ಯರು ಬದಲಾಗ್ತಾನೇ ಇದ್ದರು. ಮೂವರಲ್ಲಿ ಇವತ್ತಿಗೂ ಉಳಿದದ್ದು ಫೆನೆಕ್ ಮಾತ್ರ.

ಮೀಟಿಯರ್ಸ್ ಒಂದು ನಿಯಮ ಮಾಡಿಕೊಂಡರು: ನಮ್ಮ ಶೋದಲ್ಲಿ ರಾಜಕೀಯ ಬೇಡ. ಕಾರಣ ಅರ್ಥ ಆಗತ್ತೆ. ಆಗ ಬ್ರಿಟನ್‌ನಲ್ಲಿ ನ್ಯಾಷನಲ್ ಫ್ರಂಟ್ ಒಂದು ಕಡೆ, ಜನಾಂಗದ್ವೇಷದ ವಿರುದ್ಧ ರಾಕ್ ಚಳವಳಿ ಇನ್ನೊಂದು ಕಡೆ. ಪಂಕ್ ಶೋಗಳಲ್ಲಿ ಹೊಡೆದಾಟ ಮಾಮೂಲಾಗಿತ್ತು. ದೆವ್ವದ ಹಾಡಿಗೆ ಎಲ್ಲಾ ಬಣದವರೂ ಒಟ್ಟಿಗೆ ಕುಣೀಲಿ ಅನ್ನೋದು ಉದ್ದೇಶ. ಆದರೆ 'ರಾಜಕೀಯ ಬೇಡ' ಅನ್ನೋ ಬೋರ್ಡು ಯಾವತ್ತೂ ಎಲ್ಲರಿಗೂ ಒಂದೇ ಥರ ಅನ್ವಯ ಆಗಲ್ಲ. ಅದರ ಕೆಳಗೆ ದ್ವೇಷ ಮಾಡೋನು ಆರಾಮಾಗಿ ನಿಲ್ಲಬಹುದು, ದ್ವೇಷಕ್ಕೆ ಗುರಿಯಾದವನು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಇದನ್ನು ನಮ್ಮ ಕಾಲೇಜು ಕ್ಯಾಂಪಸ್‌ಗಳಲ್ಲಿ ಓದಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಕ್ರ್ಯಾಂಪ್ಸ್ ಕೂಡ ಘೋಷಣೆ ಕೂಗಿದವರಲ್ಲ. ಆದರೆ ಹೀಲ್ಸ್ ಹಾಕಿದ ಗಂಡು, ಗಿಟಾರ್ ಹಿಡಿದು ಬ್ಯಾಂಡ್ ನಡೆಸಿದ ಹೆಣ್ಣು, ತಾನು ಸಲಿಂಗಿ ಅಂತ ಮುಚ್ಚಿಡದ ಕಿಡ್ ಕಾಂಗೋ, ಮಾನಸಿಕ ಆಸ್ಪತ್ರೆಯ ಸಭೆ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅವರು ಯಾರ ಪಕ್ಕ ನಿಂತಿದ್ದರು ಅನ್ನೋದು ಕಾಣತ್ತೆ.

ಒಂದೇ ನೋಟದಲ್ಲಿ

ಎಲ್ಲಾ ಕಾಲಕ್ಕೂ: ಲಕ್ಸ್ ಇಂಟೀರಿಯರ್ (ಹಾಡು), ಪಾಯ್ಸನ್ ಐವಿ (ಗಿಟಾರ್)

- 1976: ಬ್ರಯಾನ್ ಗ್ರೆಗರಿ (ಗಿಟಾರ್), ಪ್ಯಾಮ್ (ಡ್ರಮ್ಸ್)
- 1976–77: ಬ್ರಯಾನ್ ಗ್ರೆಗರಿ, ಮಿರಿಯಮ್ ಲಿನಾ (ಡ್ರಮ್ಸ್)
- 1977–80: ಬ್ರಯಾನ್ ಗ್ರೆಗರಿ, ನಿಕ್ ನಾಕ್ಸ್ (ಡ್ರಮ್ಸ್). ಗ್ರೇವೆಸ್ಟ್ ಹಿಟ್ಸ್, ಸಾಂಗ್ಸ್ ದಿ ಲಾರ್ಡ್ ಟಾಟ್ ಅಸ್
- 1980: ಜೂಲಿಯನ್ (ಗಿಟಾರ್, ಪ್ರವಾಸಕ್ಕೆ ಮಾತ್ರ), ನಿಕ್ ನಾಕ್ಸ್
- 1980–83: ಕಿಡ್ ಕಾಂಗೋ ಪವರ್ಸ್ (ಗಿಟಾರ್), ನಿಕ್ ನಾಕ್ಸ್. ಸೈಕೆಡೆಲಿಕ್ ಜಂಗಲ್, ಸ್ಮೆಲ್ ಆಫ್ ಫೀಮೇಲ್
- 1983–85: ಐಕ್ ನಾಕ್ಸ್, ಕ್ಲಿಕ್ ಮಾರ್ಟ್ (ಗಿಟಾರ್, ಒಬ್ಬರಾದ ಮೇಲೊಬ್ಬರು), ನಿಕ್ ನಾಕ್ಸ್
- 1986–91: ಫರ್, ನಂತರ ಕ್ಯಾಂಡಿ ಡೆಲ್ ಮಾರ್ (ಬಾಸ್), ನಿಕ್ ನಾಕ್ಸ್. ಎ ಡೇಟ್ ವಿತ್ ಎಲ್ವಿಸ್ (ಬಾಸ್ ಐವಿ), ಸ್ಟೇ ಸಿಕ್!
- 1991–98: ಸ್ಲಿಮ್ ಚಾನ್ಸ್ (ಬಾಸ್), ಡ್ರಮ್ಸ್‌ಗೆ ಜಿಮ್ ಸ್ಕ್ಲಾವುನೋಸ್, ನಿಕಿ ಅಲೆಕ್ಸಾಂಡರ್, ಹ್ಯಾರಿ ಡ್ರಮ್‌ಡೀನಿ. ಲುಕ್ ಮಾಮ್ ನೋ ಹೆಡ್!, ಫ್ಲೇಮ್‌ಜಾಬ್, ಬಿಗ್ ಬೀಟ್ ಫ್ರಮ್ ಬ್ಯಾಡ್ಸ್‌ವಿಲ್
- 2000ದ ನಂತರ: ಶುಗರ್‌ಪೈ ಜೋನ್ಸ್, ಚಾಪರ್ ಫ್ರಾಂಕ್ಲಿನ್ (ಬಾಸ್), ಹ್ಯಾರಿ ಡ್ರಮ್‌ಡೀನಿ, ಕೊನೆಗೆ ಬಿಲ್ ಬೇಟ್‌ಮನ್ (ಡ್ರಮ್ಸ್). ಫೀಂಡ್ಸ್ ಆಫ್ ಡೋಪ್ ಐಲ್ಯಾಂಡ್

ಎಲ್ಲಿಂದ ಕೇಳೋದು?

ಮೊದಲು 'ಹ್ಯೂಮನ್ ಫ್ಲೈ', ಬಾಸ್ ಇಲ್ಲದ ಸದ್ದು ಹೇಗಿರತ್ತೆ ಅಂತ ಗೊತ್ತಾಗೋಕೆ. ಆಮೇಲೆ 'ಗೂ ಗೂ ಮಕ್' ಎರಡು ಸಲ: ಮೊದಲು ರಾನಿ ಕುಕ್ ತಂಡದ್ದು, ಆಮೇಲೆ ಕ್ರ್ಯಾಂಪ್ಸ್‌ದು. ಕೊನೆಗೆ ನಾಪಾ ಆಸ್ಪತ್ರೆಯ ವಿಡಿಯೋ, ಪೂರ್ತಿ, ಮಧ್ಯೆ ಓಡಿಸದೆ.

ಮುಂದಿನ ಸಲ ಆ ಡ್ಯಾನ್ಸ್ ರೀಲ್ ಕಂಡರೆ ಸೌಂಡ್ ತೆಗೆದು ಮೂಲ ಹಾಡು ಹಾಕಿ ನೋಡಿ. ಹಾಡಿನ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಹರಿದಾಡೋ ಒಂದು ಗಿಟಾರ್ ಕೇಳಿಸತ್ತೆ. ಅದನ್ನು ನುಡಿಸಿದವಳ ಹೆಸರು ಪಾಯ್ಸನ್ ಐವಿ.